ಮೋಟೆಬೆನ್ನೂರಿನ ಹಡಗು

ಕಣ್ಣಿಗೆ ಕಾಣದ್ದನ್ನು ನಾನು ನಂಬಿದವಳಲ್ಲ. ಯಾರಾದರೂ ದೆವ್ವದ ಸುದ್ದಿ ತೆಗೆದರೆ, ರಾತ್ರಿ ಏನು ಉಂಡಿದ್ದಿರಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ನನ್ನ ಸೋದರಮಾವ ಒಂದು ಯಾಟ್ ಕೊಂಡುಬಿಟ್ಟ. ಶ್ರೀಮಂತರು ಸಮುದ್ರದಲ್ಲಿ ಮೋಜಿಗೆ ಇಟ್ಟುಕೊಳ್ಳುವ ಮೋಟಾರು ದೋಣಿ; ಒಳಗೆ ಸೋಫಾ, ಕನ್ನಡಿ, ಗಾಜಿನ ಕಿಟಕಿಯ ಕೋಣೆ. ಗೋವಾದ ಗಣಿ ಧಣಿಯೊಬ್ಬ ಹೆಂಡತಿಗೆಂದು ಕಟ್ಟಿಸಿದ್ದನಂತೆ. ಆಕೆ ತೀರಿಕೊಂಡ ಮೇಲೆ ಒಬ್ಬ ಹೋಟೆಲಿನವನ ಪಾಲಾಯಿತು. ಅವನ ಹೋಟೆಲು ಮುಚ್ಚಿತು, ದೋಣಿ ಕಾರವಾರದ ದಂಡೆಯಲ್ಲಿ ಬಿಸಿಲು ಕಾಯುತ್ತಾ ನಿಂತಿತು. ಅಲ್ಲಿಗೆ ತಿರುಗಾಡಲು ಹೋಗಿದ್ದ ಮಾವ, ಅತ್ತೆ ಇಬ್ಬರೂ ಅದನ್ನು ಹತ್ತಿ ನೋಡಿದರು.

ಅತ್ತೆಯ ತವರು ಗಳಗನಾಥ. ವರದೆ ತುಂಗಭದ್ರೆಯನ್ನು ಕೂಡುವ ನೀರಿನಲ್ಲಿ ಹರಿಗೋಲು ಹತ್ತಿ ಬೆಳೆದವಳು, ಮದುವೆಯಾಗಿ ಮೆಣಸಿನಕಾಯಿ ಘಾಟಿನ ಊರಿಗೆ ಬಂದಿದ್ದಳು. ಎಂದೂ ಏನನ್ನೂ ಬೇಡಿದವಳಲ್ಲ. ಆ ದಿನ ಕಿಟಕಿ ಪಕ್ಕದ ಸೋಫಾದ ಮೇಲೆ ಕೂತು, “ಇದರಾಗ ಕುಂತು ಒಮ್ಮಿ ನಮ್ಮೂರ ಸಂಗಮ ನೋಡಬೇಕು ಅನಸ್ತೈತ್ರಿ” ಎಂದಳಂತೆ. ಮಾವನಿಗೆ ಅಷ್ಟೇ ಸಾಕಾಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ ಕಿಟಕಿಗಳಿಗೆ ಹೊಸ ಪರದೆ ಹೊಲಿಸಿದ. ದೋಣಿ ದೊಡ್ಡ ಲಾರಿಯ ಮೇಲೆ ಮೋಟೆಬೆನ್ನೂರಿನ ತನಕ ಬಂತು. ಆಮೇಲೆ ಗಳಗನಾಥದ ಅಂಬಿಗರನ್ನು ಕೇಳಿದರೆ, ಅದು ತೇಲುವಷ್ಟು ನೀರು ಬರುವುದು ಮಹಾಪೂರದಲ್ಲಿ ಮಾತ್ರ, ಆಗ ಯಾರೂ ಹೊಳೆಗೆ ಇಳಿಯುವುದಿಲ್ಲ ಎಂದರು. ಸರಿ, ಮೋಟೆಬೆನ್ನೂರಿನಲ್ಲೇ ಹೆದ್ದಾರಿ ಪಕ್ಕದ ಮಾವನ ಕಣದಲ್ಲಿ ಕಲ್ಲುಗಳ ಮೇಲೆ ಹಡಗು ನಿಂತಿತು. ಬಸ್ಸಿನಲ್ಲಿ ಹೋಗುವವರೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದರು.

ನೀರಿಲ್ಲದಿದ್ದರೇನು, ಅದರಲ್ಲೇ ಕೂತು ಚಹಾ ಕುಡಿಯುತ್ತೇನೆ ಎಂದಳು ಅತ್ತೆ. ಅದೂ ಆಗಲಿಲ್ಲ. ಆ ಸುಗ್ಗಿಯಲ್ಲಿ ಗೋದಾಮು ತುಂಬಿತು. ಮೋಡ ಕಂಡ ಮಾವ ಮೆಣಸಿನಕಾಯಿ ಚೀಲಗಳನ್ನು ಹಡಗಿನ ಕೋಣೆಯಲ್ಲಿ ಒಟ್ಟಿಸಿದ. ಥಂಡಿ ತಾಗದ ಜಾಗ, ದಲಾಲಿಯ ಕಣ್ಣಿಗೆ ಬೇರೇನು ಕಂಡೀತು? ಚೀಲ ತೆಗೆದರೂ ಘಾಟು ಹೋಗಲಿಲ್ಲ. ಅತ್ತೆಗೆ ಮೊದಲೇ ಉಬ್ಬಸ. ಬಾಗಿಲು ತೆರೆದರೆ ಸಾಕು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಹೊರಗಿನಿಂದಲೇ ನೋಡುತ್ತಾ ನೋಡುತ್ತಾ ಒಂದು ದಿನ ತೀರಿಕೊಂಡಳು. ಆಕೆಯನ್ನು ಮಣ್ಣು ಮಾಡಿ ಬಂದವನೇ ಮಾವ ಆ ಬಾಗಿಲಿಗೆ ಬೀಗ ಹಾಕಿದ.

ಮುಂದಿನ ಬೇಸಿಗೆಯಲ್ಲಿ ರಾಣೆಬೆನ್ನೂರಿನ ಖಾನಾವಳಿಯವನೊಬ್ಬ ಅದನ್ನು ಕೊಳ್ಳಲು ಒಪ್ಪಿದ. ಸಾಗಿಸುವ ಹಿಂದಿನ ಸಂಜೆ ಮಾವ ನನ್ನನ್ನು ಹಾವೇರಿಯಿಂದ ಕರೆಸಿಕೊಂಡ.

“ನಿಮ್ಮ ಅತ್ತೀಗೆ ಮಕ್ಕಳಿರಲಿಲ್ಲ. ಇದನ್ನ ಮಗಳು ಅಂತಿದ್ಲು. ಉಡಿ ತುಂಬಿ ಕಳಸೂಣು. ಗಂಡಸು ನಾ ಹೆಂಗ ತುಂಬಲಿ? ನೀ ಬಾರವಾ.”

ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವ ಹಾಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಹಸಿರು ಖಣ ಹಿಡಿದು ಏಣಿ ಹತ್ತಿದೆ. ಘಾಟಿಗೆ ಹೆದರಿ ಮೂಗಿಗೆ ಸೆರಗು ಸುತ್ತಿಕೊಂಡಿದ್ದೆ. ಮಾವ ಬೀಗ ತೆಗೆದ.

ಘಾಟು ಇರಲಿಲ್ಲ. ಸೆರಗು ಸಡಿಲಿಸಿ ಉಸಿರೆಳೆದೆ. ಹೊಳೆಯ ವಾಸನೆ, ಹಸಿ ಉಸುಕಿನ ವಾಸನೆ. ಕಿಟಕಿ ಪಕ್ಕದ ಸೋಫಾದ ಮೇಲೆ ಖಣ ಹಾಸಿ ಅಕ್ಕಿ ಸುರಿಯುವಷ್ಟರಲ್ಲಿ ಖಣ ನೀರು ಕುಡಿದು ಕಪ್ಪಗಾಯಿತು. ಒಬ್ಬರು ಕೂರುವಷ್ಟು ಜಾಗ ಮಾತ್ರ ತೊಯ್ದಿತ್ತು. ಮುಟ್ಟಿದೆ, ತಣ್ಣಗಿತ್ತು. ಮಳೆ ಬಂದು ತಿಂಗಳುಗಳೇ ಆಗಿದ್ದವು. ತಲೆಯ ಮೇಲಿನ ಹಲಗೆಯೂ ಒಣಗಿತ್ತು. ಕೀಲಿ ಸದಾ ಮಾವನ ಉಡದಾರದಲ್ಲೇ ಇರುತ್ತಿತ್ತು. ನಾನು ಬಾಗಿಲ ಕಡೆ ಸರಿದೆ.

ಮಾವ ಹೆದರಲಿಲ್ಲ. ಎದುರಿಗೆ ಕೂತು, ಆ ಖಾಲಿ ಜಾಗ ನೋಡುತ್ತಾ ಮೆಲ್ಲಗೆ, “ಸಂಗಮ ನೋಡಿ ಬಂದಿ ಏನ?” ಎಂದ. ಆಮೇಲೆ ಅತ್ತ. ಅತ್ತೆ ಹೋದ ದಿನವೂ ಅತ್ತಿರಲಿಲ್ಲ.

ಖಾನಾವಳಿಯವನು ಹಡಗಿನಲ್ಲಿ ಮೇಜು ಹಾಕಿದ, ವರ್ಷ ತುಂಬುವುದರೊಳಗೆ ತೆಗೆದ. “ಎಷ್ಟ ತೊಳದ್ರೂ ಖಾರದ ಘಾಟ ಹೋಗವಲ್ದರಿ, ಗಿರಾಕಿ ಅರ್ಧಕ್ಕ ಎದ್ದು ಹೊಂಟಬಿಡ್ತಾರ” ಎಂದು ನನ್ನ ಮುಂದೆ ಗೋಳಾಡಿದ. ನಾನೂ ಒಳಗೆ ಹೋಗಿ ನೋಡಿದೆ. ಮೂಗು ಉರಿಯಿತು, ಕೆಮ್ಮು ಬಂತು.

ಹಾಗಾದರೆ ಆ ಸಂಜೆ ಘಾಟು ಎಲ್ಲಿಗೆ ಹೋಗಿತ್ತು? ನೀರು ಎಲ್ಲಿಂದ ಬಂತು? ಇಂದಿಗೂ ತಿಳಿದಿಲ್ಲ. ಮಾವನೂ ಈಗಿಲ್ಲ. ನಂಬುವವಳಲ್ಲ ನಾನು; ಆದರೂ ಅತ್ತೆ ಒಂದು ಸಲವಾದರೂ ಕೆಮ್ಮದೆ ಅಲ್ಲಿ ಕೂತಿದ್ದಳು ಎಂದುಕೊಳ್ಳುತ್ತೇನೆ.