ಇಳಕಲ್ ಅಂಚಿನ ವಿಮಾನ

ಗೌರಮ್ಮನವರು ಹತ್ತಿಯನ್ನು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ದಾವಣಗೆರೆಯ ಅವರ ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ಗಾಡಿ ಬಂದು ನಿಂತರೆ, ಹತ್ತಿ ತುಂಬಿದ ಅಂಡಿಗೆ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಹತ್ತಿ ತೆಗೆದು, ಎರಡು ಹೆಬ್ಬೆರಳುಗಳ ನಡುವೆ ಎಳೆ ಹಿಂಜುತ್ತ ಕಣ್ಣು ಮುಚ್ಚುವರು. ಕಣ್ಣು ತೆರೆಯುವ ಹೊತ್ತಿಗೆ ತೀರ್ಮಾನ ಆಗಿರುತ್ತಿತ್ತು. ಆಮೇಲೆ ಮಾತಿಲ್ಲ. ಗಾಡಿ ತಂದ ರೈತರೂ ಗೌರಮ್ಮನವರ ಗುಮಾಸ್ತರೂ ಆ ಒಂದು ಗಳಿಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಎತ್ತರದ ಆಳು. ಹಣೆಯ ಮೇಲೆ ದಪ್ಪ ವಿಭೂತಿ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಸೆರಗಿನ ಮೇಲೆ ಸದಾ ಒಂದಿಷ್ಟು ಅರಳೆಯ ಧೂಳು. ಗಂಡ ತೀರಿಕೊಂಡಾಗ ಭಾವ ಮೈದುನರೆಲ್ಲ ಫ್ಯಾಕ್ಟರಿ ಮಾರಿಬಿಡುವ ಮಾತೆತ್ತಿದರಂತೆ. ಈಕೆ ಮಾರನೆಯ ಬೆಳಗ್ಗೆ ಗಂಡ ಕೂರುತ್ತಿದ್ದ ಗದ್ದುಗೆಯ ಮೇಲೆ ಹೋಗಿ ಕೂತರು. ಅಂದಿನಿಂದ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ.

ನಾನು ಆಗ ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಅದಕ್ಕೆ ಮೊದಲು ಕೆಲವು ವರ್ಷ ವಾಯುಪಡೆಯಲ್ಲಿದ್ದು ವಿಮಾನದ ರೆಕ್ಕೆ, ಬಾಲ, ಮೈ ರಿಪೇರಿ ಮಾಡುವ ಕೆಲಸ ಕಲಿತು ಬಂದಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಒಂದು ಭಾನುವಾರ ಗೌರಮ್ಮನವರ ಗುಮಾಸ್ತರು ನಮ್ಮ ಮನೆ ಹುಡುಕಿಕೊಂಡು ಬಂದು, ಅಮ್ಮಾರು ಕರೆಯುತ್ತಿದ್ದಾರೆ, ಈಗಲೇ ಹೊರಡಬೇಕು ಎಂದರು. ಹೋದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನೆಯಲ್ಲಿ ಹಳೆಯ ಪಂಪು ಕೆಟ್ಟಿದೆ ಎನ್ನುವ ಹಾಗೆ ಹೇಳಿದರು: “ತಮ್ಮಾ, ನೀನು ವಿಮಾನ ರಿಪೇರಿ ಮಾಡ್ತಿದ್ದ್ಯಂತೆ. ನಮ್ಮನ್ಯಾಗ ಒಂದೈತೆ. ಬಾ, ತೋರಿಸ್ತೀನಿ.”

ನಿಜವಾಗಿಯೂ ಇತ್ತು. ಹಿಂದಿನ ಗೋದಾಮಿನಲ್ಲಿ ಖಾಲಿ ಅಂಡಿಗೆಗಳ ಗುಡ್ಡೆಯ ಹಿಂದೆ, ರೆಕ್ಕೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ ಒಂದು ಟೈಗರ್ ಮಾತ್. ಯುದ್ಧಕಾಲದಲ್ಲಿ ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ವಿಮಾನ. ಮೇಲೊಂದು ಕೆಳಗೊಂದು ರೆಕ್ಕೆ, ಹಿಂದೊಂದು ಮುಂದೊಂದು ಸೀಟು, ಮೈಮೇಲೆ ಬಟ್ಟೆಯ ಹೊದಿಕೆ. ಯುದ್ಧ ಮುಗಿದ ಮೇಲೆ ಸೇನೆಯವರು ಹಳೆಯ ಸಾಮಾನು ಹರಾಜು ಹಾಕಿದಾಗ ಗೌರಮ್ಮನವರ ಯಜಮಾನರು ಲಾರಿ ಬಿಡಿಭಾಗಗಳ ಜೊತೆಗೆ ಇದನ್ನೂ ಹಿಡಿದಿದ್ದರು. ಇದರ ಎಂಜಿನ್ನಿನಿಂದ ಹತ್ತಿಯ ಬೀಜ ಬಿಡಿಸುವ ಜಿನ್ನು ಓಡಿಸಬಹುದೆಂಬುದು ಅವರ ಲೆಕ್ಕ. ಅದು ಆಗದ ಮಾತೆಂದು ಗೊತ್ತಾಗುವಷ್ಟರಲ್ಲಿ ಅವರು ಹೋಗಿಬಿಟ್ಟರು. ಗುಜರಿಯವರು ಎಷ್ಟು ಸಲ ಬಂದು ಕೇಳಿದರೂ ಗೌರಮ್ಮ ಕೊಟ್ಟಿರಲಿಲ್ಲ.

ಇಷ್ಟು ವರ್ಷ ಬಿಟ್ಟು ಈಗ ಯಾಕೆ ಎಂದು ಕೇಳಿದೆ. ಹೋದ ಸುಗ್ಗಿಯಲ್ಲಿ ಅಂಗಳದ ಮೇಲೆ ಒಂದು ವಿಮಾನ ಹಾದುಹೋಯಿತಂತೆ. ಕೆಲಸದ ಹೆಣ್ಣಾಳುಗಳೆಲ್ಲ ಹತ್ತಿ ಬಿಟ್ಟು ಮೇಲೆ ನೋಡುತ್ತ ನಿಂತರಂತೆ. ಅವರ ಜೊತೆ ತಾನೂ ಬಾಯಿ ತೆರೆದು ನಿಂತಾಗ, ತನ್ನದೂ ಒಂದು ಗೋದಾಮಿನಲ್ಲಿ ಬಿದ್ದಿದೆಯಲ್ಲ ಎಂಬುದು ನೆನಪಾಗಿ ಆಕೆಗೆ ನಾಚಿಕೆಯಾಯಿತಂತೆ. ಇದನ್ನು ಎಬ್ಬಿಸಬೇಕು, ತಾನು ಅದರಲ್ಲಿ ಕೂತು ದಾವಣಗೆರೆಯನ್ನೂ ಹರಿಹರದ ಹೊಳೆಯನ್ನೂ ಮೇಲಿಂದ ನೋಡಬೇಕು. ಇಷ್ಟೇ ಆಕೆಯ ಬೇಡಿಕೆ. ಆಕೆಗೆ ಅರವತ್ತರ ಹತ್ತಿರ ವಯಸ್ಸು.

ರಜೆಯ ದಿನಗಳಲ್ಲಿ ಬಂದು ಕೆಲಸ ಶುರು ಮಾಡಿದೆ. ನನ್ನ ಮನಸ್ಸಿನಲ್ಲಿ ಗೊಂದಲವಿರಲಿಲ್ಲ. ಸೇನೆಯ ವಿಮಾನ ಸೇನೆಯ ವಿಮಾನದ ಹಾಗೇ ಇರಬೇಕು. ಮೇಲ್ಮೈಗೆ ಹಸಿರು, ಮಣ್ಣುಗಂದು, ಹೊಟ್ಟೆಗೆ ಹಳದಿ, ಪಕ್ಕದಲ್ಲಿ ಒಂದರೊಳಗೊಂದು ಬಳೆಯಿಟ್ಟಂಥ ವಾಯುಪಡೆಯ ಗುರುತು. ಹೊದಿಕೆಗೆ ಮೊದಲಿದ್ದಂಥದೇ ಅಗಸೆ ನಾರಿನ ಬಟ್ಟೆ. ಒಂದು ಮೊಳೆ ಕೂಡ ಬೇರೆಯಾಗಬಾರದು. ಗೌರಮ್ಮನವರ ಮನಸ್ಸಿನಲ್ಲೂ ಗೊಂದಲವಿರಲಿಲ್ಲ. ಬಟ್ಟೆ ದಾವಣಗೆರೆಯದೇ ಆಗಬೇಕು. ಬಣ್ಣ ಅರಳೆಯ ಬಿಳುಪು. ರೆಕ್ಕೆಯ ತುದಿಗೆ ಇಳಕಲ್ ಸೀರೆಯ ಹಾಗೆ ಕೆಂಪು ಅಂಚು, ಬಾಲಕ್ಕೆ ಆ ಸೀರೆಯ ಸೆರಗಿನಲ್ಲಿರುವಂಥ ತೆನೆಯ ಚಿತ್ತಾರ. ಸೀಟನ್ನು ತೆಗೆದು ತನಗೆ ಕೂರಲು ಬರುವಂಥ ಬೇರೆ ಸೀಟು ಹಾಕಬೇಕು.

ಆ ಸೀಟು ಹೊಂಡದ ಹಾಗಿರುವುದಕ್ಕೆ ಕಾರಣವಿದೆ, ಪ್ಯಾರಾಚೂಟಿನ ಗಂಟನ್ನು ಅಡಿಗೆ ಹಾಕಿಕೊಂಡು ಅದರ ಮೇಲೆ ಕೂರುತ್ತಾರೆ ಎಂದು ವಿವರಿಸಿದೆ. ಆಕೆ ಸಮಾಧಾನದಿಂದ ಕೇಳಿಸಿಕೊಂಡು, “ನಾನು ನಡುವೆ ಜಿಗಿಯೋಳಲ್ಲ ತಮ್ಮಾ. ಹತ್ತಿದ ಮ್ಯಾಲೆ ಇಳಿಯೋತನ ಕೂಡ್ತೀನಿ,” ಎಂದರು.

ಬಟ್ಟೆಯ ವಿಷಯದಲ್ಲಿ ಜಗಳವೇ ಆಯಿತು. ಆಕೆ ಊರಿನ ಒಂದು ಮಿಲ್ಲಿನಿಂದ ತನ್ನ ಹತ್ತಿಯದೇ ಬಟ್ಟೆ ತರಿಸಿಬಿಟ್ಟಿದ್ದರು. ನಾನು ಮಾತಿನಲ್ಲಿ ಗೆಲ್ಲಲಾರೆನೆಂದು, ಆ ಬಟ್ಟೆಯನ್ನು ಒಂದು ಮರದ ಚೌಕಟ್ಟಿಗೆ ಬಿಗಿದು, ವಿಮಾನದ ಬಟ್ಟೆಗೆ ಬಳಿಯುವ ಮೆರುಗೆಣ್ಣೆ ಬಳಿದು ಒಣಗಿಸಿ, ಅದರ ಮೇಲೆ ಮರಳಿನ ಚೀಲ ಇಡುತ್ತ ಹೋದೆ. ಪರ್ ಎಂದು ಹರಿಯಿತು. ಅಂಗಳದಲ್ಲಿದ್ದವರೆಲ್ಲ ಗೌರಮ್ಮನವರ ಮುಖ ನೋಡಿದರು. ಆಕೆ ಹರಿದ ಅಂಚನ್ನು ಕೈಗೆ ತೆಗೆದುಕೊಂಡು, ನೂಲು ಬಿಡಿಸಿ ನೋಡಿ, ನೇಯ್ಗೆ ಸಡಿಲವಾಗಿದೆ ಎಂದರು. ನೆಪ ಹೇಳಲಿಲ್ಲ, ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ನನಗೆ ಇವತ್ತಿಗೂ ದಾರಿಯಾಗಿದೆ.

“ಹಿಂಗ್ ಮಾಡಾಣ. ಪ್ರಾಣ ಹೊರೋದೆಲ್ಲ ನಿಂದು. ಕಣ್ಣಿಗೆ ಕಾಣೋದೆಲ್ಲ ನಂದು. ನಿಂದ್ರಾಗ ನಾ ಕೈ ಹಾಕಂಗಿಲ್ಲ, ನಂದ್ರಾಗ ನೀ ಬಾಯಿ ಹಾಕಬ್ಯಾಡ.”

ಎರಡನೆಯ ಬಟ್ಟೆಯನ್ನು ಆಕೆ ಮಿಲ್ಲಿನಲ್ಲಿ ತಾವೇ ಮಗ್ಗದ ಪಕ್ಕ ನಿಂತು ಒತ್ತಾಗಿ ನೇಯಿಸಿ ತಂದರು. ಚೌಕಟ್ಟಿನ ಮೇಲೆ ಚೀಲಗಳು ಏರಿದವು, ಬಟ್ಟೆ ಅಲುಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ರೆಕ್ಕೆಗೆ ಹೊಲಿಯಲು ಕೂತೆ.

ಹಾರಿಸುವವರು ಬೇಕಲ್ಲ. ಬೆಂಗಳೂರಿನ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿಸುತ್ತಿದ್ದ, ವಾಯುಪಡೆಯಿಂದ ನಿವೃತ್ತರಾದ ಅಧಿಕಾರಿಯೊಬ್ಬರು ನನಗೆ ಗೊತ್ತಿದ್ದರು. ಅವರನ್ನು ಕರೆಸಿದೆ. ಗೌರಮ್ಮ ಅವರನ್ನು ವಿಮಾನದ ಸಾಹೇಬ್ರು ಎಂದೇ ಕರೆದರು. ಸಾಹೇಬರು ವಿಮಾನವನ್ನು ಸುತ್ತು ಹಾಕಿ ನೋಡಿದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವರು ಮೊದಲು ಹಾರಾಟ ಕಲಿತದ್ದು ಇಂಥದರಲ್ಲೇ. ಆದರೆ ಕೆಂಪು ಅಂಚಿನ ವಿಚಾರ ಕೇಳಿದೊಡನೆ ಗಂಭೀರವಾದರು. ಇದು ಸೇನೆಯ ಚರಿತ್ರೆ, ಇದ್ದ ಹಾಗೇ ಸಜ್ಜು ಮಾಡಿಸಿದರೆ ನಾಳೆ ಯಾವುದಾದರೂ ಸಂಗ್ರಹಾಲಯದಲ್ಲಿ ನಿಮ್ಮ ಯಜಮಾನರ ಹೆಸರಿನ ಫಲಕದೊಂದಿಗೆ ಇಡಿಸುತ್ತೇನೆ, ಹಾಗಲ್ಲವಾದರೆ ಹಾರಿಸಲು ನನಗೆ ಮನಸ್ಸಿಲ್ಲ ಎಂದು ನಯವಾಗಿಯೇ ಹೇಳಿದರು. ನನಗೆ ಒಳಗೊಳಗೇ ಖುಷಿಯಾಯಿತು.

ಗೌರಮ್ಮ ಅವರ ಮುಂದೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಡಿಸಿ, ತಾವೂ ಎದುರಿಗೆ ಕೂತರು.

“ಯುದ್ಧದಾಗ ಇದು ಏನ್ ಮಾಡ್ತಿತ್ರಿ ಸಾಹೇಬ್ರೆ?”

“ಹುಡುಗರಿಗೆ ಹಾರೋದು ಕಲಿಸ್ತಿತ್ತು ತಾಯಿ.”

“ಕಲಿತ್ರಾ?”

“ಕಲಿತರು. ನಾನೇ ಇದ್ದೀನಲ್ಲ.”

“ಹಂಗಾರೆ ಆ ಕೆಲಸ ಮುಗೀತು. ಈಗ ಇದು ನನ್ನ ಕೂಡ ಬಾಳ್ವೆ ಮಾಡ್ಬೇಕು. ನೀವೂ ಸೈನ್ಯ ಬಿಟ್ಟು ಬಂದೀರಿ. ಬಿಳಿ ಅಂಗಿ ತೊಟ್ಕಂಡೀರಿ. ನಿಮ್ಮನ್ನ ಯಾರಾರ ಡೂಪ್ಲಿಕೇಟ್ ಅಂದಾರೇನ್ರಿ?”

ಸಾಹೇಬರು ಬಜ್ಜಿ ಕೈಯಲ್ಲಿ ಹಿಡಿದುಕೊಂಡೇ ನಕ್ಕರು. ಹೊರಡುವಾಗ ನನ್ನ ಕಿವಿಯಲ್ಲಿ, ತಯಾರಾದ ಮೇಲೆ ತಿಳಿಸಿ ಎಂದರು.

ಆಕೆ ಹಳೆಯದನ್ನು ಲೆಕ್ಕಕ್ಕಿಡದ ಹೆಂಗಸು ಎಂದು ನಾನು ಆವರೆಗೆ ತಿಳಿದಿದ್ದೆ. ಹಿಂದಿನ ಸೀಟಿನ ಅಡಿಯ ಹಲಗೆಯನ್ನು ತಿಕ್ಕಿ ಬಣ್ಣ ಬಳಿಯಲು ಹೊರಟ ದಿನ ನನ್ನ ಎಣಿಕೆ ತಪ್ಪಾಯಿತು. ಧೂಳು ಒರೆಸಿದಾಗ ಹಲಗೆಯ ಮೇಲೆ ಮೊನೆಯಿಂದ ಗೀಚಿದ ಹೆಸರುಗಳು ಕಂಡವು. ಕಲಿಯಲು ಕೂತಿದ್ದ ಹುಡುಗರ ಕೆಲಸ. ಕೆಲವು ಇಂಗ್ಲಿಷಿನಲ್ಲಿ, ಒಂದು ಉರ್ದುವಿನಲ್ಲಿ, ಇನ್ನೊಂದು ನಮಗಿಬ್ಬರಿಗೂ ಗುರುತು ಸಿಗದ ಲಿಪಿಯಲ್ಲಿ. ನಾನು ಉಪ್ಪುಕಾಗದ ಹಿಡಿದು ಬಗ್ಗಿದೆ. ಗೌರಮ್ಮ ನನ್ನ ಮಣಿಕಟ್ಟು ಹಿಡಿದರು. ಇದು ಕಣ್ಣಿಗೆ ಕಾಣುವುದು, ನಿಮ್ಮ ಪಾಲಿನದು, ಎಲ್ಲ ಹೊಸದಾಗಲಿ ಎಂದವರು ನೀವೇ ಅಲ್ಲವೇ ಎಂದು ಕೆಣಕಿದೆ.

“ಬಣ್ಣ ಸರ್ಕಾರದ್ದಿತ್ತು, ಅಳಿಸಿದೆ. ಇದು ಆ ಹುಡುಗ್ರುದು. ಬದುಕ್ಯಾರೋ ಇಲ್ಲೋ. ಮುಟ್ಟಬ್ಯಾಡ.”

ಆ ಗುರುತು ಸಿಗದ ಹೆಸರಿನ ಮೇಲೆ ಬೆರಳಾಡಿಸುತ್ತ ಸ್ವಲ್ಪ ಹೊತ್ತು ಅಲ್ಲೇ ಬಗ್ಗಿ ನಿಂತಿದ್ದರು. ಆಕೆಗೆ ಮಕ್ಕಳಿರಲಿಲ್ಲ. ಅದನ್ನು ನಾವ್ಯಾರೂ ಮಾತಿಗೆ ತರುತ್ತಿರಲಿಲ್ಲ. ನಾನು ಹಲಗೆಯ ಮೇಲೆ ಬರಿಯ ಮೆರುಗೆಣ್ಣೆ ಬಳಿದು ಬಿಟ್ಟೆ.

ವಿಮಾನ ಸಿದ್ಧವಾಗುತ್ತಿದೆ ಎಂಬ ಸುದ್ದಿ ಊರು ತುಂಬಿತು. ಬಂಧುಗಳಲ್ಲಿ ಹಿರಿಯರಾದವರು ನಾಲ್ಕು ಜನ ಬಂದು, ಗಂಡನಿಲ್ಲದ ಹೆಂಗಸು ಈ ವಯಸ್ಸಿನಲ್ಲಿ ಆಕಾಶಕ್ಕೆ ಹಾರುವುದು ಮನೆತನಕ್ಕೆ ಶೋಭೆಯಲ್ಲ ಎಂದರು. ಗೌರಮ್ಮ ಅವರಿಗೂ ಮಂಡಕ್ಕಿ ಕೊಡಿಸಿದರು. ನಾನು ಹತ್ತಿ ವ್ಯಾಪಾರಕ್ಕೆ ಕೂತಾಗಲೂ ಇದೇ ಮಾತು ಆಡಿದ್ದಿರಿ, ಆಮೇಲೆ ನಿಮ್ಮ ಹೊಲದ ಹತ್ತಿಯನ್ನೆಲ್ಲ ನನಗೇ ತಂದು ಹಾಕಿದಿರಿ ಎಂದು ನೆನಪು ಮಾಡಿ ಕಳಿಸಿದರು.

ಪರವಾನಗಿ ಕೊಡುವ ಅಧಿಕಾರಿ ಬಂದು, ನಾನು ಬಿಚ್ಚಿ ಜೋಡಿಸಿದ್ದ ಎಂಜಿನ್ನು ಓಡಿಸಿ, ತಂತಿ, ಕೀಲು, ಹೊಲಿಗೆ ಎಲ್ಲ ಎಳೆದೆಳೆದು ನೋಡಿ ಸಹಿ ಹಾಕಿದರು. ಹಾರಿಸಲು ಹರಿಹರದ ದಾರಿಯಲ್ಲಿ ಒಂದು ಗೋಮಾಳವನ್ನು ಗೊತ್ತು ಮಾಡಿದೆವು. ಎರೆಭೂಮಿಯಾದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಗಾಲಿ ಸಿಕ್ಕಿಕೊಳ್ಳುತ್ತದೆ ಎಂದು ಕೆಂಪು ನೆಲವನ್ನೇ ಹುಡುಕಿದ್ದೆ. ಸಾಹೇಬರು ಬಂದರು. ಬೆಳಗಿನ ಬಿಸಿಲಿನಲ್ಲಿ ಅರಳೆಯ ಬಿಳುಪಿನ ಮೈ, ಕೆಂಪು ಅಂಚು, ಬಾಲದ ಮೇಲೆ ಕೆಂಪು ತೆನೆಗಳ ವಿಮಾನ ನಿಂತಿದ್ದುದನ್ನು ಕಂಡು ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಚೆನ್ನಾಗಿಲ್ಲ ಎನ್ನಲು ಅವರಿಗೂ ಆಗಲಿಲ್ಲ, ನನಗೂ ಆಗಲಿಲ್ಲ.

ಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಹಾಕಿಸಿದ್ದ ಮೆಟ್ಟಿಲ ಮೇಲೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ತಲೆಗೆ ಚರ್ಮದ ಟೋಪಿ, ಅದರ ಕೆಳಗೆ ವಿಭೂತಿ. ಸಾಹೇಬರು ಹಿಂದಿನ ಸೀಟಿಗೆ ಏರಿದ ಮೇಲೆ ನಾನು ಮೂತಿಯ ಪಂಖ ಹಿಡಿದು ತಿರುಗಿಸಿದೆ. ಎಂಜಿನ್ನು ಕೆಮ್ಮಿ ಹಿಡಿದುಕೊಂಡಿತು. ಗೋಮಾಳದ ಧೂಳೆಲ್ಲ ನಮ್ಮ ಮುಖಕ್ಕೆ ಬಡಿಯಿತು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ವಿಮಾನ ಜಾಲಿಗಿಡಗಳ ಮೇಲಿತ್ತು.

ತುಂಗಭದ್ರೆಯ ಸೇತುವೆಯ ಕಡೆ ತಿರುಗಿ, ಹೊಳೆಯ ಗುಂಟ ಹೋಗಿ, ದಾವಣಗೆರೆಯನ್ನು ಬಳಸಿ ಬಂದರು. ಅಷ್ಟು ಹೊತ್ತೂ ನಾನು ಹೊಲಿದ ಒಂದೊಂದು ಹೊಲಿಗೆಯೂ ನನ್ನ ಎದೆಯಲ್ಲೇ ಬಿಗಿದ ಹಾಗಿತ್ತು. ಇಳಿದ ಮೇಲೆ ಗುಮಾಸ್ತರು, ಆಳುಗಳು, ಶಾಲೆ ತಪ್ಪಿಸಿ ಬಂದ ಹುಡುಗರು ಎಲ್ಲರೂ ಆಕೆಯ ಬಾಯಿಂದ ಏನು ಬರುತ್ತದೋ ಎಂದು ಮುತ್ತಿಕೊಂಡರು. ಆಕೆ ಟೋಪಿ ಬಿಚ್ಚಿ ನನ್ನ ಕೈಗಿಟ್ಟು, ಉಸಿರು ಸಮ ಮಾಡಿಕೊಂಡು, ನನಗೆ ಮಾತ್ರ ಕೇಳುವಂತೆ ಹೇಳಿದರು: “ಇಷ್ಟೇ ಅಗಲ ಐತಲ್ಲೋ ತಮ್ಮಾ ನಮ್ಮೂರು. ಇದ್ರೊಳಗ ನಾ ಎಷ್ಟ್ ಮಂದಿ ಕೂಡ ಜಗಳ ಆಡೀನಿ.”

ಅದಾದ ಮೇಲೆ ಇನ್ನೂ ಎರಡು ಮೂರು ಸಲ ಹಾರಿದರು. ಪ್ರತಿ ಸಲವೂ ಸಾಹೇಬರು ಬೆಂಗಳೂರಿನಿಂದ ಬರುವುದು ಕಷ್ಟವಾಯಿತು. ಮತ್ತೆ ಅಂಡಿಗೆಗಳ ಹಿಂದೆ ಇಡಲು ಗೌರಮ್ಮನವರಿಗೆ ಇಷ್ಟವಿರಲಿಲ್ಲ. ಹಾರಿಸುವವರ ಕೈಯಲ್ಲಿರಲಿ ಎಂದು ಅದನ್ನು ಸಾಹೇಬರ ಕ್ಲಬ್ಬಿಗೇ ಕೊಟ್ಟುಬಿಟ್ಟರು.

ಕೆಲವು ಕಾಲದ ನಂತರ ಕಾರ್ಖಾನೆಯ ಕೆಲಸದ ಮೇಲೆ ಬೆಂಗಳೂರಿಗೆ ಹೋದವನು ಕ್ಲಬ್ಬಿನ ಕಡೆ ಹೋದೆ. ಸಾಹೇಬರು ಬೇರೆ ಊರಿಗೆ ಹೋಗಿಬಿಟ್ಟಿದ್ದರು. ಶೆಡ್ಡಿನಲ್ಲಿ ನಮ್ಮ ವಿಮಾನ ಇತ್ತು. ಮೇಲೆ ಹಸಿರು, ಮಣ್ಣುಗಂದು, ಕೆಳಗೆ ಹಳದಿ, ಪಕ್ಕದಲ್ಲಿ ಬಳೆ ಗುರುತು. ಅಂಚೂ ಇಲ್ಲ, ತೆನೆಯೂ ಇಲ್ಲ. ಹೊಂಡದಂಥ ಸೀಟು ಮತ್ತೆ ಬಂದಿತ್ತು. ಅಲ್ಲಿದ್ದ ಎಳೆಯ ಮೆಕ್ಯಾನಿಕ್ ನನಗೆ ಹೆಮ್ಮೆಯಿಂದ ತೋರಿಸಿ, ಯಾರೋ ಸೀರೆ ಉಡಿಸಿದ್ದರು ಸಾರ್, ಈಗ ಒರಿಜಿನಲ್ ಮಾಡಿದ್ದೇವೆ ಎಂದ. ನಾನು ಮೊದಲ ದಿನ ಮನಸ್ಸಿನಲ್ಲಿ ಕಂಡಿದ್ದ ವಿಮಾನವೇ ಅದು, ಒಂದು ಮೊಳೆಯ ಹೆಚ್ಚುಕಡಿಮೆಯಿಲ್ಲ. ನನಗೆ ಅದರ ಮುಂದೆ ನಿಲ್ಲಲಾಗಲಿಲ್ಲ.

ಊರಿಗೆ ಬಂದವನೇ ನೇರ ದಾವಣಗೆರೆಗೆ ಹೋದೆ. ಆ ವೇಳೆಗೆ ಗೌರಮ್ಮ ಸೊರಗಿದ್ದರು. ಆದರೂ ಗದ್ದುಗೆ ಬಿಟ್ಟಿರಲಿಲ್ಲ. ನಾನು ಕುದಿಯುತ್ತ ಎಲ್ಲವನ್ನೂ ಹೇಳಿ, ಕ್ಲಬ್ಬಿನವರನ್ನು ಕೇಳಲೇಬೇಕು, ನೀವು ಒಂದು ಮಾತು ಅಂದರೆ ಸಾಕು ಎಂದೆ. ಆಕೆ ಕೇಳಿದ್ದು ಒಂದೇ, ಅದು ಹಾರುತ್ತಿದೆಯೇ ಎಂದು. ದಿನಾ ಹಾರುತ್ತಿದೆ, ಹುಡುಗರು ಕಲಿಯುತ್ತಿದ್ದಾರೆ ಎಂದೆ.

“ಹಂಗಾರೆ ನಾ ಏನ್ ಕೇಳ್ಲಿ? ಅವ್ರದು, ಅವ್ರಿಗೆ ಬೇಕಾದಂಗ ಮಾಡ್ಕಂಡಾರೆ.”

“ನಿಮಗೆ ನೋವಾಗಲಿಲ್ಲವಾ ಅಮ್ಮಾರೆ?”

ಆಕೆ ಅಂಗಳದ ಕಡೆ ನೋಡಿದರು. ಒಂದು ಗಾಡಿ ಬಂದು ನಿಲ್ಲುತ್ತಿತ್ತು.

“ಆಗ್ದೆ ಏನು? ಆಗೈತೆ. ನನಗ ನೋವಾತು ಅಂತ ಇನ್ನೊಬ್ಬರ ಕೈಯಾಗಿನ ಕುಂಚ ಹಿಡಿಯಾಕ ಬರ್ತೈತೇನು?” ಎಂದು ಎದ್ದರು. ಮೊದಲ ಬಾರಿಗೆ ನನ್ನ ಭುಜದ ಮೇಲೆ ಕೈಯಿಟ್ಟು ಮೆಟ್ಟಿಲು ಇಳಿದರು. ಆ ಕೈಯಲ್ಲಿ ತೂಕವೇ ಇರಲಿಲ್ಲ. ಊಟ ಮಾಡಿ ಹೋಗು ಎಂದು ನನಗೆ ಹೇಳಿ, ಗಾಡಿಯ ಕಡೆ ನಡೆದರು.

ಮುಂದಿನ ಸುಗ್ಗಿಗೆ ಅವರಿರಲಿಲ್ಲ. ಸುದ್ದಿ ನನಗೆ ತಡವಾಗಿ ತಿಳಿಯಿತು. ಒಂದು ದಿನ ಬಸ್ಸಿಳಿದು ಫ್ಯಾಕ್ಟರಿಯ ಬಾಗಿಲವರೆಗೆ ಹೋದೆ. ಜಿನ್ನುಗಳು ಓಡುತ್ತಿದ್ದವು. ಗದ್ದುಗೆಯ ಮೇಲೆ ಅವರ ಮೈದುನನ ಮಗ ಕೂತಿದ್ದ. ಸಂಭಾವಿತ ಹುಡುಗ, ನನ್ನ ಗುರುತಿರಲಿಲ್ಲ. ಏನಾಗಬೇಕ್ರಿ, ಬರ್ರಿ, ಕೂಡ್ರಿ ಎಂದ. ಗೌರಮ್ಮನವರ ಕಾಲದಲ್ಲಿ ಬಿಳಿಯಿದ್ದ, ಗದ್ದುಗೆಯ ಹಿಂದಿನ ಗೋಡೆಗೆ ಹೊಸದಾಗಿ ನೀಲಿ ಸುಣ್ಣ ಹೊಡೆಸಿದ್ದ. ಬಣ್ಣ ಚೆನ್ನಾಗಿದೆ ಎಂದು ಹೇಳಿ, ಒಂದು ಲೋಟ ನೀರು ಕುಡಿದು ಹರಿಹರದ ಬಸ್ಸು ಹತ್ತಿದೆ.