ಹಿತ್ತಲಿಗೆ ಬಂದ ಹಬೆ ಪೆಟ್ಟಿಗೆ

ಎಂಬತ್ತರ ದಶಕದ ಮೊದಲಲ್ಲಿ ನಾವು ಹೊಸೂರಿನ ಬಾಡಿಗೆ ಮನೆಯೊಂದರಲ್ಲಿದ್ದೆವು. ಗಂಡನಿಗೆ ಫ್ಯಾಕ್ಟರಿ ಕೆಲಸ. ಕೆಲಮಂಗಲದಿಂದ ಬಂದು ನಮ್ಮೊಡನಿದ್ದ ಅತ್ತೆಗೆ ಮಂಡಿನೋವು. ಕೃಷ್ಣಗಿರಿಯಲ್ಲಿ ಒಂದು ಪ್ರಕೃತಿ ಚಿಕಿತ್ಸಾಲಯ ಮುಚ್ಚುತ್ತಿದೆ, ಅಲ್ಲಿನ ಹಬೆ ಪೆಟ್ಟಿಗೆ ಮಾರಾಟಕ್ಕಿದೆ ಎಂದು ಗಂಡ ಸುದ್ದಿ ತಂದರು. ಮುಂದಿನ ಭಾನುವಾರ ಅದು ಟೆಂಪೋದಲ್ಲಿ ಬಂದು ಹಿತ್ತಲಲ್ಲಿ ಇಳಿಯಿತು. ಒಬ್ಬರು ಕೂರುವಷ್ಟು ದೊಡ್ಡ ತೇಗದ ಪೆಟ್ಟಿಗೆ. ಮೇಲೆ ತಲೆ ಹೊರಗಿಡಲು ಒಂದು ತೂತು.

ಬಾಗಿಲು ತೆರೆದರೆ ಬೆವರು, ನೀಲಗಿರಿ ಎಣ್ಣೆ, ಬೂಷ್ಟು ಎಲ್ಲ ಬೆರೆತ ವಾಸನೆ.

"ಯಾರ್ ಯಾರ್ ಕಾಯ್ಲೆ ಇದ್ರಾಗೈತೋ. ನಾನಂತೂ ಕೂರಾಕಿಲ್ಲ," ಎಂದು ಅತ್ತೆ ಒಳಗೆ ಹೋಗಿಬಿಟ್ಟರು.

ಬೇವಿನ ಸೊಪ್ಪು ಕುದಿಸಿದ ನೀರು ಹಾಕಿ, ತೆಂಗಿನ ನಾರಿನಿಂದ ಮೂರು ದಿನ ಉಜ್ಜಿದೆ. ಕಪ್ಪಗಿದ್ದ ಹಲಗೆಗಳು ಬಿಸಿಲಿನಲ್ಲಿ ಮೆಲ್ಲಗೆ ಜೇನಿನ ಬಣ್ಣಕ್ಕೆ ತಿರುಗಿದವು. ಮೂರನೆಯ ದಿನ ಅತ್ತೆ ಕುಂಟುತ್ತ ಬಂದು ಹಲಗೆಯ ಮೇಲೆ ಅಂಗೈ ಆಡಿಸಿದರು. ಮೂಲೆಯ ಸಂದಿಯಲ್ಲಿ ಇನ್ನೂ ಕೊಳೆಯಿದೆ ಎಂದು ತೋರಿಸಿ, ಪೊರಕೆ ಕಡ್ಡಿಯಿಂದ ತಾವೇ ಕೆದಕಿ ತೆಗೆದರು. ಮರುದಿನ ಕೂತರು.

ಸೀಮೆಎಣ್ಣೆ ಸ್ಟೌವಿನ ಮೇಲೆ ಕುಕ್ಕರ್, ಅದರಿಂದ ಪೆಟ್ಟಿಗೆಯೊಳಕ್ಕೆ ಒಂದು ರಬ್ಬರ್ ಕೊಳವೆ. ಕತ್ತಿನ ಸುತ್ತ ಸಿಕ್ಕಿಸಿದ ಟವೆಲಿನ ಅಂಚಿನಿಂದ ಹಬೆ ಎದ್ದು, ಅತ್ತೆಯ ಮುಖ ಮೋಡದೊಳಗೆ ತೇಲಿದಂತಿತ್ತು. ಸ್ವಲ್ಪ ಹೊತ್ತಿಗೆ ಅವರು ಕಣ್ಣು ಮುಚ್ಚಿ ತೆಲುಗಿನಲ್ಲಿ ಮಾತಾಡತೊಡಗಿದರು. ಅದು ಅವರ ತವರಿನ ಮಾತು. ಕೆರೆಯ ಬಗ್ಗೆ, ತಲೆಗೆ ಎಣ್ಣೆ ಹಚ್ಚುತ್ತಿದ್ದ ಅವರಮ್ಮನ ಬಗ್ಗೆ. ನನಗೆ ಹೇಳುತ್ತಿದ್ದರೋ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರೋ ತಿಳಿಯಲಿಲ್ಲ. ಅರ್ಧ ಅರ್ಥವಾಯಿತು, ಅರ್ಧ ಹಾಗೇ ಕೇಳಿಸಿಕೊಂಡೆ.

ಪ್ರತಿ ಸಲವೂ ಒಳಗೆ ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸುತ್ತಿದ್ದೆ. ಮಳೆಗಾಲದಲ್ಲಿ ಒಂದು ವಾರ ಬಿಟ್ಟರೆ ಸಾಕು, ಬಿಳಿ ಬೂಷ್ಟು ಬಂದುಬಿಡುತ್ತಿತ್ತು.

ಒಂದು ಮಧ್ಯಾಹ್ನ ಒರೆಸಿ ಎದ್ದಾಗ ಸೊಂಟ ಹಿಡಿದುಕೊಂಡೆ. ಅತ್ತೆ ಅದನ್ನು ನೋಡಿದರು.

"ನೀನೂ ಒಂದ್ಸಲ ಕೂತ್ಕಳಮ್ಮ. ಸ್ಟೌವ್ ನಾನ್ ನೋಡ್ಕಂತೀನಿ."

ಕೂತೆ. ಬಿಸಿ ಏರುತ್ತ ಹೋದಂತೆ ಹಿತ್ತಲು, ಬಟ್ಟೆಯ ತಂತಿ, ದಾಳಿಂಬೆ ಗಿಡ ಎಲ್ಲ ದೂರ ಸರಿದವು. ಕಣ್ಣಿಗೆ ಇಳಿದ ಬೆವರನ್ನು ಒರೆಸಿಕೊಳ್ಳಲು ಕೈ ಹೊರಗಿರಲಿಲ್ಲ. ಅತ್ತೆ ತಮ್ಮ ಸೆರಗಿನಿಂದ ನನ್ನ ಹಣೆ ಒರೆಸಿದರು. ಮದುವೆಯಾದ ಏಳು ವರ್ಷದಲ್ಲಿ ಅವರು ನನ್ನ ಮುಖ ಮುಟ್ಟಿದ್ದು ಅದೇ ಮೊದಲು.

ಅತ್ತೆಯ ಮಂಡಿ ಪೂರ್ತಿ ವಾಸಿಯಾಗಲಿಲ್ಲ. ಸಂತೆಯವರೆಗೆ ನಡೆದು ಬರುವಷ್ಟಾಯಿತು, ಅಷ್ಟೇ. ಆದರೆ ಆ ಮಧ್ಯಾಹ್ನದ ನಂತರ ವಾರಕ್ಕೊಮ್ಮೆ ನಾವಿಬ್ಬರೂ ಸರದಿಯಂತೆ ಕೂರುತ್ತಿದ್ದೆವು.