ಗುಂಡ್ಲುಪೇಟೆಯಲ್ಲಿ ಇಳಿಸಿದ ನೆಲ

ಏಪ್ರಿಲ್ ಕೊನೆಯ ಒಂದು ಸೋಮವಾರ, ಬೆಳಗ್ಗೆ ಆರೂವರೆಗೆ ನಾವು ಮೂವರು ಚಾಮರಾಜನಗರ ಬಿಟ್ಟೆವು: ನಾನು, ನನ್ನ ಅಕ್ಕ ಗೌರಮ್ಮ, ಭಾವ ಮಾದೇವಪ್ಪ. ಹೊರಟಿದ್ದು ಕಲ್ಲಿಕೋಟೆಯ ಸಮುದ್ರ ನೋಡಲು. ಬಸ್ಸು ಹಿಡಿದಿದ್ದರೆ ಸಂಜೆಯೊಳಗೆ ಮುಟ್ಟಿಬಿಡುವ ದಾರಿ. ಆದರೆ ಎರಡು ವರ್ಷದ ಹಿಂದೆ ಹಿತ್ತಲಲ್ಲಿ ಜಾರಿ ಬಿದ್ದಾಗಿನಿಂದ ಅಕ್ಕನಿಗೆ ಅರ್ಧ ಗಂಟೆಗಿಂತ ಹೆಚ್ಚು ಕೂರಲು ಆಗುವುದಿಲ್ಲ. ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾಳೆ, ಮಲಗಿದರೆ ಆರಾಮ, ಕೂತರೆ ಮಾತ್ರ ಸೊಂಟ ಹಿಡಿದುಕೊಳ್ಳುತ್ತದೆ. ಅದಕ್ಕೆಂದೇ ಭಾವ ಒಂದು ಗಾಲಿಮನೆ ಕಟ್ಟಿದ್ದರು.

ಹಳೆಯ ಟ್ರೇಲರೊಂದರ ಚಾಸಿಯ ಮೇಲೆ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮನೆ. ತಗಡಿನ ಗೋಡೆ, ಎರಡು ಕಿಟಕಿ, ಒಂದು ಮಂಚ, ಸೀಮೆಎಣ್ಣೆ ಸ್ಟವ್, ನೀರಿನ ಡ್ರಮ್ಮು. ಎಳೆಯಲು ಸ್ನೇಹಿತರ ಹತ್ತಿರ ಕೇಳಿ ತಂದ ಪಿಕಪ್ ಜೀಪು. ಒಳಗೆ ಕಾಲಿಟ್ಟರೆ ಮಾತ್ರ ಯಾರಾದರೂ ಒಂದು ಗಳಿಗೆ ನಿಲ್ಲಲೇಬೇಕು. ನೆಲಕ್ಕೆಲ್ಲ ನಮ್ಮೂರ ಕಡೆಯ ಕರಿಕಲ್ಲು ಹಾಕಿದ್ದರು. ಬಗ್ಗಿದರೆ ಮುಖ ಕಾಣಬೇಕು, ಅಷ್ಟು ಪಾಲಿಶ್.

ಭಾವ ಕಲ್ಲಿನ ಕಾರ್ಖಾನೆಯಲ್ಲಿ ಹದಿನೈದು ವರ್ಷದಿಂದ ಪಾಲಿಶ್ ಕೆಲಸ ಮಾಡುತ್ತಿದ್ದರು. ಅವರು ಉಜ್ಜಿದ ಕಲ್ಲೆಲ್ಲ ಹಡಗು ಹತ್ತಿ ಯಾವುದೋ ದೇಶಕ್ಕೆ ಹೋಗುತ್ತಿತ್ತು. ಅವರ ಸ್ವಂತ ಮನೆಯಲ್ಲಿ ಮಾತ್ರ ಬಿರುಕು ಬಿಟ್ಟ ಸಿಮೆಂಟು ನೆಲ. ಮದುವೆಯಾದ ಮೇಲೆ ಅಕ್ಕ ಬಾಯಿಬಿಟ್ಟು ಕೇಳಿದ್ದು ಎರಡೇ: ಒಂದು ಕರಿಕಲ್ಲಿನ ನೆಲ, ಇನ್ನೊಂದು ಆ ಕಲ್ಲು ದಾಟಿ ಹೋಗುವ ಸಮುದ್ರ. ಅಂಚು ಮುಕ್ಕಾಗಿ ಹಡಗಿಗೆ ಹತ್ತದೆ ಉಳಿದ ಹದಿನೆಂಟು ಚಪ್ಪಡಿಗಳನ್ನು ಮಾಲೀಕರಿಂದ ಕೇಳಿ ಪಡೆದು, ಭಾವ ಎರಡು ಆಸೆಯನ್ನೂ ಒಂದೇ ಗಾಡಿಗೆ ಹಾಕಿದ್ದರು.

ತೆರಕಣಾಂಬಿಯಲ್ಲಿ ಚಹಾಕ್ಕೆ ನಿಂತಾಗ ನಾನು ನನ್ನ ರಗಳೆ ತೆಗೆದೆ. ಜೀಪಿನ ಪುಸ್ತಕದಲ್ಲಿ, ಎಳೆಯುವ ಭಾರ ಒಂದು ಟನ್ ಮೀರಬಾರದು ಎಂದು ಬರೆದಿತ್ತು. ಮುಂದೆ ವಯನಾಡು ದಾಟಿ ತಾಮರಶ್ಶೇರಿ ಘಾಟಿ ಇಳಿಯಬೇಕು. ತೂಕ ಹಾಕಿಸದೆ ನಾನು ಬರುವುದಿಲ್ಲ ಎಂದೆ.

"ಮೇಷ್ಟ್ರಿಗೆ ಪುಸ್ತಕದಲ್ಲಿ ಬರೀದಿದ್ರೆ ಹೊಟ್ಟೆನೂ ಹಸಿಯಕಿಲ್ಲ" ಎಂದು ಭಾವ ನಕ್ಕರು. "ಒಂಬೈನೂರ ಎಂಬತ್ತು ಕೆಜಿ ಅದೆ. ಬೇಕಾದ್ರೆ ತೂಗ್ಸಿ ನೋಡಿ."

ಇದು ಬಡಾಯಿಯಲ್ಲ. ಕ್ವಾರಿಯಿಂದ ಬಂದ ದಿಮ್ಮಿಯನ್ನು ಒಂದು ಸುತ್ತು ಹಾಕಿ ಅದರ ತೂಕ ಹೇಳುವುದರಲ್ಲಿ ಭಾವನಿಗೆ ಕಾರ್ಖಾನೆಯಲ್ಲಿ ದೊಡ್ಡ ಹೆಸರು. ಆದರೂ ನಾನು ಪಟ್ಟು ಬಿಡಲಿಲ್ಲ. ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಅಷ್ಟು ಮೊಂಡುತನ ಬಾರದೆ ಇರುತ್ತದೆಯೇ?

ಗುಂಡ್ಲುಪೇಟೆ ಮುಟ್ಟಿದಾಗ ಎಂಟೂವರೆ. ಊರ ಹೊರಗಿನ ವೇಬ್ರಿಡ್ಜ್ ಮುಂದೆ ಅರಿಸಿನದ ಎರಡು ಲಾರಿ, ಕೋಸಿನ ಒಂದು ಲಾರಿ ಸಾಲಾಗಿ ನಿಂತಿದ್ದವು. ಒಂದು ತೂಕಕ್ಕೆ ಹತ್ತು ರೂಪಾಯಿ. ತೂಕದವರು ಭೀಮನಬೀಡಿನ ಬಸಣ್ಣ, ಅರವತ್ತು ದಾಟಿದ ಮನುಷ್ಯ. ಕನ್ನಡಕಕ್ಕೆ ದಾರ ಕಟ್ಟಿದ್ದರು. ನಮ್ಮ ಗಾಡಿ ನೋಡಿ ಹೊರಗೆ ಬಂದರು.

"ಇದ್ಯಾವ ಸರಕು?"

"ಸರಕಲ್ಲ ಕಣಣ್ಣ, ಮನೆ" ಎಂದರು ಭಾವ.

"ಮನೆನ ಯಾರೂ ತೂಗ್ಸಿರ್ನಿಲ್ಲ. ಆಗ್ಲಿ, ಒಳಗಿರೋರು ಇಳೀರಿ."

ಅಕ್ಕ ಕೋಲೂರಿ ಇಳಿದು, ಬೇವಿನ ನೆರಳಲ್ಲಿದ್ದ ಹಗ್ಗದ ಮಂಚದ ಮೇಲೆ ಒರಗಿದಳು. ಜೀಪನ್ನು ಬಿಚ್ಚಿ ಮುಂದಕ್ಕೆ ಬಿಟ್ಟು, ಕಬ್ಬಿಣದ ಹಲಗೆಯ ಮೇಲೆ ಮನೆಯೊಂದನ್ನೇ ನಿಲ್ಲಿಸಿದೆವು. ಬಸಣ್ಣ ಒಳಗೆ ಕೂತು ತಕ್ಕಡಿಯ ತೋಳಿನ ಮೇಲೆ ಗುಂಡು ಸರಿಸುತ್ತ ಹೋದರು. ತೋಳು ಸಮವಾಗಿ ನಿಂತಾಗ ಸಾವಿರದ ಮುನ್ನೂರ ಎಂಬತ್ತು.

"ನನ್ ಕಣ್ಣಿಗೆ ಒಂಬೈನೂರ ಎಂಬತ್ತೇಯ. ನಿಮ್ ತಕ್ಕಡಿ ಕೆಟ್ಟದೆ" ಎಂದರು ಭಾವ.

ಬಸಣ್ಣ ಸಿಟ್ಟಾಗಲಿಲ್ಲ. "ಅರಿಸಿನ ಬೆಳೆದೋನು ಕಮ್ಮಿ ತೋರುಸ್ತದೆ ಅಂತನೆ, ಲಾರಿಯೋನು ಜಾಸ್ತಿ ತೋರುಸ್ತದೆ ಅಂತನೆ. ಇಬ್ರೂ ಬೈಯೋದು ನನ್ನೇಯ." ಮನೆಯನ್ನು ಪಕ್ಕಕ್ಕೆ ತಳ್ಳಿಸಿ, ಮೂಲೆಯಲ್ಲಿದ್ದ ಇಪ್ಪತ್ತು ಕೆಜಿಯ ಹತ್ತು ಕಬ್ಬಿಣದ ತೂಕದ ಕಲ್ಲನ್ನು ಖಾಲಿ ಹಲಗೆಗೆ ಇಡಿಸಿ ತೂಗಿದರು. ಸರಿಯಾಗಿ ಇನ್ನೂರು.

ಆಮೇಲೆ ಗಾಲಿಗಳ ಹತ್ತಿರ ಬಗ್ಗಿ ಕೇಳಿದರು: "ಮನೆಗೆ ಬೇರೆ ಬ್ರೇಕ್ ಅದಾ?"

"ಇಲ್ಲ. ಜೀಪಿಂದೇಯ."

"ನಾನು ಹನ್ನೆರಡು ವರ್ಷ ಕೋಸು ತುಂಬ್ಕಂಡು ಆ ಘಾಟಿ ಇಳ್ದೋನು. ಇಳಿಜಾರಲ್ಲಿ ನೀವು ಮನೆ ಎಳೆಯಕಿಲ್ಲ ಕಣಪ್ಪ, ಮನೆನೇ ನಿಮ್ಮನ್ನ ತಳ್ತದೆ. ಈ ತೂಕದಲ್ಲಿ ಓಗ್ಬೇಡಿ. ಒಳಗೆ ಎಂಗಸು ಬೇರೆ ಮಲಗ್ತರೆ."

ಭಾವ ಮನೆಯೊಳಗೆ ಹೋಗಿ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ನೆಲದ ಮೇಲೆ ಗೇಣು ಹಾಕಿದರು. ಹನ್ನೆರಡಾರಲೆ ಎಪ್ಪತ್ತೆರಡು ಅಡಿ. ಅಡಿಗೆ ಐದೂವರೆ ಕೆಜಿ. ದಿನವೂ ಲಾರಿಗೆ ಕಲ್ಲು ಹತ್ತಿಸುವಾಗ ಅವರೇ ಹಾಕುವ ಲೆಕ್ಕ ಇದು. ಹತ್ತಿರ ಹತ್ತಿರ ನಾನೂರು. ಬೆಳಗಿನ ಅಂದಾಜಿಗೆ ಮಂಚ ಹಿಡಿದಿದ್ದರು, ಸ್ಟವ್ ಹಿಡಿದಿದ್ದರು, ಡ್ರಮ್ಮಿನ ನೀರನ್ನೂ ಹಿಡಿದಿದ್ದರು. ಹೆಂಡತಿಗೆಂದು ಹಾಸಿದ ಕಲ್ಲು ಮಾತ್ರ ಅವರ ಲೆಕ್ಕಕ್ಕೆ ಬಂದೇ ಇರಲಿಲ್ಲ.

"ವಾಪಸ್ ಓಗನ" ಎಂದರು ಭಾವ. "ಹಾಕಿದ ನೆಲನ ನಾನು ಕೀಳಕಿಲ್ಲ."

ಅಕ್ಕ ಮಂಚದಿಂದ ಎದ್ದಳು. ಕೋಲೂರುತ್ತ ಬಂದು ಬಾಗಿಲ ಹತ್ತಿರ ನಿಂತಳು.

"ಕಲ್ಲು ಎಲ್ಲೂ ಓಡೋಗಕಿಲ್ಲ. ನನ್ ಸೊಂಟ ಬರೋ ವರ್ಸ ಎಂಗಿರ್ತದೋ ಯಾರು ಕಂಡವ್ರೆ? ನಾನು ಸಮುದ್ರ ನೋಡ್ಬೇಕು. ಕೀಳಿ." ಕೋಲಿನ ತುದಿಯನ್ನು ತಾನೇ ಅಂಚಿನ ಮರದ ಪಟ್ಟಿಯ ಸಂದಿಗೆ ಇಟ್ಟು ಒತ್ತಿದಳು.

ಭಾವ ಅವಳ ಕೈಯಿಂದ ಕೋಲು ಇಸಿದುಕೊಂಡರು. ಜಾಕಿನ ರಾಡಿನಲ್ಲಿ ಪಟ್ಟಿ ಎಬ್ಬಿಸಿದರು. ಅಲುಗಾಟಕ್ಕೆ ಬಿರುಕು ಬಿಟ್ಟೀತೆಂದು ಗಾರೆ ಹಾಕದೆ ಗೋಣಿತಾಟಿನ ಮೇಲೆ ಚಪ್ಪಡಿ ಜೋಡಿಸಿದ್ದು ಒಳ್ಳೆಯದೇ ಆಯಿತು. ಕೋಸಿನ ಲಾರಿಯ ಮಲಯಾಳಿ ಡ್ರೈವರ್ "ನಿಲ್ಲಿ ಚೇಟ್ಟಾ, ಒಬ್ರೇ ಎತ್ತಬೇಡಿ" ಎಂದು ಕೈ ಕೊಟ್ಟ. ಹದಿನೆಂಟನ್ನೂ ಬಸಣ್ಣನ ಗೋಡೆಗೆ ಒರಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಮತ್ತೆ ತೂಗಿದಾಗ ಒಂಬೈನೂರ ಎಂಬತ್ತು, ಭಾವ ಬೆಳಗ್ಗೆ ಹೇಳಿದಷ್ಟೇ.

"ಕಣ್ಣು ಸರಿಯಾಗೇ ಅದೆ" ಎಂದು ಬಸಣ್ಣ ಚೀಟಿ ಕೊಟ್ಟರು. ಎರಡನೆಯ ತೂಕಕ್ಕೆ ದುಡ್ಡು ಮುಟ್ಟಲಿಲ್ಲ.

ಮಧ್ಯಾಹ್ನ ಕಾಡಿನ ದಾರಿಯಲ್ಲಿ ಬುತ್ತಿಯ ಚಿತ್ರಾನ್ನ ತಿಂದೆವು. ಸುಲ್ತಾನ್ ಬತ್ತೇರಿಯ ಪೆಟ್ರೋಲ್ ಬಂಕ್ ಪಕ್ಕ ತಂಗಿ, ಮಂಗಳವಾರ ಬೆಳಗ್ಗೆ ಘಾಟಿಗೆ ಬಂದೆವು. ಒಂಬತ್ತು ತಿರುವನ್ನು ಭಾವ ಒಂದನೇ ಗೇರಿನಲ್ಲೇ ಇಳಿಸಿದರು. ಐದನೆಯ ತಿರುವಿನಲ್ಲಿ ಮನೆ ಹಿಂದಿನಿಂದ ಮೆಲ್ಲಗೆ ನೂಕಿದ್ದು ನನಗೂ ತಿಳಿಯಿತು. ಭಾವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ನಾನೂರು ಕೆಜಿ ಹೆಚ್ಚಿದ್ದಿದ್ದರೆ ಎಂದು ಇಬ್ಬರೂ ಯೋಚಿಸಿರಬೇಕು.

ಕಲ್ಲಿಕೋಟೆಯ ಕಡಲತೀರದಲ್ಲಿ ನಾಲ್ಕು ಗಂಟೆಯ ಬಿಸಿಲು, ಉಪ್ಪುಗಾಳಿ. ಅಕ್ಕ ಭಾವನ ತೋಳು ಹಿಡಿದು ನೀರಿಗೆ ಇಳಿದಳು. ಭಾವನೂ ಸಮುದ್ರ ನೋಡಿದ್ದು ಅಂದೇ ಮೊದಲು. ಹದಿನೈದು ವರ್ಷ ಕಲ್ಲು ಕಳಿಸಿದ್ದರೇ ಹೊರತು ಅದು ಹೋಗುವ ನೀರನ್ನು ಕಂಡಿರಲಿಲ್ಲ.

"ನಿಮ್ ಕಲ್ಲು ಯಾವ್ ಕಡೆ ಓಯ್ತವೆ?" ಎಂದು ಅಕ್ಕ ಕೇಳಿದಳು.

ಭಾವನಿಗೆ ಗೊತ್ತಿರಲಿಲ್ಲ. ಆದರೂ ಕೈ ಎತ್ತಿ ನೇರಕ್ಕೆ ತೋರಿಸಿದರು. ಅಕ್ಕ ಬಹಳ ಹೊತ್ತು ಅತ್ತಲೇ ನೋಡಿದಳು.

"ಇಷ್ಟು ನೀರು ದಾಟ್ಕಂಡು ಓಯ್ತವಲ್ಲ, ನಮ್ಮನೆಗ್ ಬರಕ್ಕೆ ಏನು ದಾಡಿಯಾಗಿತ್ತು ಅವಕ್ಕೆ?"

ಭಾವ ತಲೆ ತಗ್ಗಿಸಿ ನಕ್ಕರು. ಅವರ ಕಣ್ಣು ಒದ್ದೆಯಾಗಿದ್ದು ಉಪ್ಪುಗಾಳಿಗೆ ಅಲ್ಲ ಎಂದು ನನಗೆ ಗೊತ್ತಿತ್ತು.

ವಾಪಸ್ಸು ಘಾಟಿ ಹತ್ತುವಾಗ ಜೀಪಿನ ಎಂಜಿನ್ ಎರಡು ಸಲ ಬಿಸಿಯೇರಿತು, ನೀರು ಹಾಕಿ ಆರಿಸಿದೆವು. ಗುರುವಾರ ಮಧ್ಯಾಹ್ನ ಗುಂಡ್ಲುಪೇಟೆಗೆ ಬಂದಾಗ ಬಸಣ್ಣ ಚಪ್ಪಡಿಗಳ ಮೇಲೆ ಟಾರ್ಪಾಲು ಹೊದಿಸಿದ್ದರು. ಒಂದನ್ನು ಮಾತ್ರ ಬೇವಿನ ಬುಡದಲ್ಲಿ ಹಾಸಿಕೊಂಡು ಕೂತಿದ್ದವರು, ನಮ್ಮನ್ನು ಕಂಡು ಗಡಬಡಿಸಿ ಎದ್ದರು. "ತಣ್ಣಗಿತ್ತು, ಅದ್ಕೇ…"

"ಕೂತ್ಕಳಿ ಬಸಣ್ಣ, ಅದು ನಿಮ್ಗೇ ಇರ್ಲಿ" ಎಂದಳು ಅಕ್ಕ. ಉಳಿದ ಹದಿನೇಳನ್ನು ಮತ್ತೆ ಒಳಗೆ ಜೋಡಿಸಿದೆವು. ಮುಂದೆ ಘಾಟಿಯಿಲ್ಲ, ಮೂವತ್ತೈದು ಕಿಲೋಮೀಟರ್ ಹೆಚ್ಚುಕಡಿಮೆ ಸಮ ರಸ್ತೆ. ಬಾಗಿಲ ಹತ್ತಿರ ಒಂದು ಚಪ್ಪಡಿಯ ಜಾಗ ಬರಿದಾಗಿ, ಕೆಳಗಿನ ಗೋಣಿತಾಟು ಕಾಣುತ್ತಿತ್ತು.

"ಮನೆಗೋದ್ಮೇಲೆ ಇದನ್ನೆಲ್ಲ ನಡುಮನೆಗೆ ಹಾಕ್ತೀನಿ" ಎಂದರು ಭಾವ. "ಒಂದು ಕಮ್ಮಿ ಬಿದ್ದದೆ, ತತ್ತೀನಿ."

ಭಾವ ಗಂಟೆಗೆ ಇಪ್ಪತ್ತರ ವೇಗ ಮೀರಲಿಲ್ಲ. ತೆರಕಣಾಂಬಿ ದಾಟಿ ಗಾಡಿ ನಿಂತಾಗ, ಅಕ್ಕನಿಗೆ ನೀರು ಬೇಕೇನೋ ಎಂದು ನಾನು ಇಳಿದು ಮನೆಯ ಕಿಟಕಿಯಲ್ಲಿ ನೋಡಿದೆ. ಮಂಚ ಖಾಲಿ ಇತ್ತು. ಅಕ್ಕ ಹಾಸಿಗೆ ಬಿಟ್ಟು ಕೆಳಗಿಳಿದು, ಬರೀ ಕಲ್ಲಿನ ಮೇಲೆ ಕೈಕಾಲು ಚಾಚಿ, ಕೆನ್ನೆಯೊತ್ತಿ ನಿದ್ದೆ ಹೋಗಿದ್ದಳು.